ಕೊಚ್ಚಿಯಲ್ಲಿ ಟೆಂಡರ್, ಹಾರಂಗಿಯಲ್ಲಿ ಆಟ: ಎರಡಕ್ಕೂ ಒಂದೇ ಪುಟ್ಟ ಕ್ಯಾಟಮರಾನ್ ಸಾಕಾಗುತ್ತದಾ?

ಕೂಡಿಗೆ ಹೊಳೆಬದಿ | ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೂಡಿಗೆ ಹತ್ತಿರ. ನನ್ನ ಭಾವ ಮರ್ಚೆಂಟ್ ನೇವಿಯಲ್ಲಿದ್ದು ರಿಟೈರ್ ಆದವರು. ಗೆಳೆಯರ ಜೊತೆ ಸೇರಿ ಒಂದು ಹಳೆಯ 34 ಅಡಿ ಹಾಯಿ ಯಾಟ್ ತಗೊಂಡು ಕೊಚ್ಚಿಯಲ್ಲಿ ಇಟ್ಟಿದ್ದಾರೆ. ಲಂಗರು ಹಾಕಿ ನಿಂತಾಗ ದಡಕ್ಕೆ ಬರೋಕೆ, ನೀರು, ಡೀಸೆಲ್, ದಿನಸಿ ಸಾಗಿಸೋಕೆ ಟೆಂಡರ್, ಅಂದರೆ ಯಾಟ್ ಜೊತೆಗಿರುವ ಪುಟ್ಟ ದೋಣಿ ಬೇಕು. ಈಗಿರುವ ರಬ್ಬರ್ ಡಿಂಗಿ ಹೊಲಿಗೆ ಬಿಟ್ಟಿದೆ. ಅದರಲ್ಲಿ ಕೂತವರ ಪ್ಯಾಂಟು ಒದ್ದೆಯಾಗದ ದಿನವೇ ಇಲ್ಲ.

ಭಾವ ಈಗ ಎರಡು ಟ್ಯೂಬಿನ, ಮುಂದೆ ತೆರೆದಿರುವ ಗಾಳಿ ತುಂಬುವ ಕ್ಯಾಟಮರಾನ್ ನೋಡುತ್ತಿದ್ದಾರೆ. ಮಳೆಗಾಲದಲ್ಲಿ ಯಾಟ್ ಹೊರಗೆ ಹೋಗುವುದಿಲ್ಲ. ಆ ತಿಂಗಳುಗಳಲ್ಲಿ ಅದನ್ನೇ ಇಲ್ಲಿಗೆ ತಂದು ಹಾರಂಗಿ ಹಿನ್ನೀರಿನಲ್ಲಿ ಮಕ್ಕಳ ಜೊತೆ ಓಡಿಸಬಹುದಲ್ವಾ ಅನ್ನೋದು ನನ್ನ ಆಸೆ. ಮೋಟಾರ್ ಹಾಕಿ ಸ್ವಲ್ಪ ಸ್ಪೀಡ್, ಆಗದಿದ್ದರೆ ಒಂದು ಹಾಯಿ. ಒಂದೇ ದೋಣಿ ಎರಡೂ ಕೆಲಸ ಮಾಡುತ್ತದಾ? ಸಾಗಿಸೋಕೆ ನಮ್ಮ ತೋಟದ ಪಿಕಪ್ ಇದೆ, ಮಾಕುಟ್ಟ ದಾರಿಯಲ್ಲಿ ಇಳಿಯಬೇಕು.

ಮಲ್ಪೆ ಫೈಬರ್ ಕೆಲಸ | ಶನಿವಾರ, ರಾತ್ರಿ 10:25

ಟೆಂಡರ್ ವಿಷಯ ಮೊದಲು ಹೇಳುತ್ತೇನೆ, ನನ್ನ ದಿನದ ಕೆಲಸ ಅದೇ.

ಟೆಂಡರ್‌ಗೆ ಸ್ಪೀಡ್ ಮುಖ್ಯ ಅಲ್ಲ. ಯಾಟ್‌ನಿಂದ ಕಾಲಿಟ್ಟಾಗ ಅದು ವಾಲಬಾರದು. ಅಲ್ಲೇ ಹೆಚ್ಚಿನವರು ನೀರಿಗೆ ಬೀಳುವುದು. ಕ್ಯಾಟಮರಾನ್ ಇಲ್ಲಿ ನಿಜವಾಗಿ ಗೆಲ್ಲುತ್ತದೆ. ತೇಲುವ ಶಕ್ತಿ ಎಲ್ಲ ಎರಡು ಅಂಚಿನಲ್ಲೇ ಇರುವುದರಿಂದ ಟ್ಯೂಬಿನ ಮೇಲೆ ನಿಂತರೂ ಆ ಬದಿ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಹಿಂಬದಿ ತೆರೆದಿರುವ ಮಾದರಿಯಾದರೆ ಒಳಗೆ ಬಂದ ಅಲೆ ತಾನಾಗಿ ಹಿಂದಕ್ಕೆ ಹರಿದು ಹೋಗುತ್ತದೆ. ಮುಂದೆ ತೆರೆದಿರುವುದರಿಂದ ಮೊಣಕಾಲು ನೀರಿನಲ್ಲಿ ನಿಂತು ಸಾಮಾನು ಎತ್ತಿಡಬಹುದು. ವಯಸ್ಸಾದವರಿಗೆ ಹತ್ತೋದೂ ಸುಲಭ.

ಇನ್ನು ಭಾರ. 3 ಮೀಟರ್ ಗಾತ್ರದ ಗಾಳಿ ಕ್ಯಾಟ್ (ಗಾಳಿ ತುಂಬುವ ಕ್ಯಾಟಮರಾನ್) ಸಾಮಾನ್ಯವಾಗಿ 25ರಿಂದ 35 ಕೆಜಿ. ಅದೇ ಉದ್ದದ, ಗಟ್ಟಿ ತಳದ ಅಲ್ಯೂಮಿನಿಯಂ ಆರ್‌ಐಬಿ (ಸುತ್ತ ಗಾಳಿ ಟ್ಯೂಬ್ ಇರುವ ದೋಣಿ) 50 ಕೆಜಿ ದಾಟಬಹುದು. ಇಬ್ಬರು ಡೆಕ್ ಮೇಲೆ ಎಳೆದುಕೊಳ್ಳಬೇಕಾದಾಗ ಈ ವ್ಯತ್ಯಾಸ ಬೆನ್ನಿಗೆ ಗೊತ್ತಾಗುತ್ತದೆ.

ಆದರೆ ಒಂದು ಲೆಕ್ಕ ಮನಸ್ಸಿನಲ್ಲಿಡಿ. 40 ಸೆಂಟಿಮೀಟರ್ ದಪ್ಪದ, 3 ಮೀಟರ್ ಉದ್ದದ ಎರಡು ಟ್ಯೂಬ್ ಅಂದುಕೊಳ್ಳಿ. ಮೂತಿ ಕಡೆ ಸಣ್ಣದಾಗುವುದನ್ನು ಬಿಟ್ಟರೆ ಒಟ್ಟು ಸುಮಾರು 700 ಲೀಟರ್. ನಾಲ್ಕು ಜನ, ಮೋಟಾರ್, ಪೆಟ್ರೋಲ್, ದೋಣಿಯ ಸ್ವಂತ ಭಾರ ಸೇರಿದರೆ 350 ಕೆಜಿ. ಅಂದರೆ ಟ್ಯೂಬ್ ಅರ್ಧ ಮುಳುಗಿತು. ಆ ಮಟ್ಟದಲ್ಲಿ ಪ್ರತಿ 24 ಕೆಜಿಗೆ ದೋಣಿ ಇನ್ನೂ ಒಂದು ಸೆಂಟಿಮೀಟರ್ ಇಳಿಯುತ್ತದೆ. ಎರಡು ಕ್ಯಾನ್ ನೀರು ಇಟ್ಟರೆ ಎರಡು ಸೆಂಟಿಮೀಟರ್ ಹತ್ತಿರ. ಟ್ಯೂಬುಗಳ ನಡುವಿನ ಖಾಲಿ ಜಾಗ ಮುಚ್ಚಿ ನೆಲ ನೀರಿಗೆ ತಾಗಿದರೆ ಕ್ಯಾಟಮರಾನ್‌ನ ಗುಣ ಎಲ್ಲ ಹೋಯಿತು. ಪ್ರತಿ ಅಲೆಗೂ ಅಡಿಗೆ ಪಟಾರ್ ಅಂತ ಹೊಡೆತ. ಹಾಗಾಗಿ ಜಾಹೀರಾತಿನಲ್ಲಿ ಬರೆದ 'ಇಷ್ಟು ಜನ' ನೋಡಬೇಡಿ. ನಿಮ್ಮ ಸಾಮಾನು ತೂಕ ಮಾಡಿ.

ಮಾಜಿ ಸ್ಯಾಪರ್, ವಿರಾಜಪೇಟೆ | ಭಾನುವಾರ, ಬೆಳಗ್ಗೆ 7:05

ಮಲ್ಪೆಯವರು ಟೆಂಡರ್ ಬಗ್ಗೆ ಹೇಳಿದ್ದು ಸರಿ. ಆಟದ ದೋಣಿ ಬಗ್ಗೆ ನಾನು ಹೇಳುತ್ತೇನೆ. ಹಲಸೂರು ಕೆರೆಯಲ್ಲಿ ಹಾಯಿ ಕಲಿತವನು ನಾನು, ಆಮೇಲೆ ಸಮುದ್ರದಲ್ಲೂ ಕ್ಯಾಟ್ ಓಡಿಸಿದ್ದೇನೆ.

ಕ್ಯಾಟಮರಾನ್ ಯಾಕೆ ಓಡುತ್ತದೆ ಅಂತ ತಿಳಿದರೆ ಅರ್ಧ ಪ್ರಶ್ನೆ ಮುಗಿಯಿತು. ಒಂದೇ ಒಡಲಿನ ಅಗಲ ದೋಣಿ ನೀರನ್ನು ಪಕ್ಕಕ್ಕೆ ತಳ್ಳಿ ದೊಡ್ಡ ಅಲೆ ಎಬ್ಬಿಸುತ್ತದೆ, ಆಮೇಲೆ ಆ ಅಲೆಯೇ ಅದನ್ನು ಹಿಡಿದು ನಿಲ್ಲಿಸುತ್ತದೆ. ತೆಳ್ಳಗಿನ ಉದ್ದ ಒಡಲು ಅಷ್ಟು ಅಲೆ ಎಬ್ಬಿಸುವುದಿಲ್ಲ, ನೀರನ್ನು ಕತ್ತರಿಸಿಕೊಂಡು ಹೋಗುತ್ತದೆ. ಆದರೆ ತೆಳ್ಳಗಿನ ದೋಣಿ ಒಂಟಿಯಾಗಿ ನಿಲ್ಲುವುದಿಲ್ಲ, ಮಗುಚುತ್ತದೆ. ಎರಡನ್ನು ದೂರ ಇಟ್ಟು ಅಡ್ಡಪಟ್ಟಿ ಕಟ್ಟಿದರೆ ಸ್ಪೀಡೂ ಬಂತು, ನಿಲ್ಲುವ ಶಕ್ತಿಯೂ ಬಂತು. ಅಮೆರಿಕದ ನಥಾನಿಯಲ್ ಹೆರೆಶಾಫ್ 1876ರಲ್ಲಿ ಅಮರಿಲಿಸ್ ಅನ್ನೋ ಕ್ಯಾಟಮರಾನ್ ಕಟ್ಟಿ ನ್ಯೂಯಾರ್ಕಿನ ರೇಸಿನಲ್ಲಿ ಉಳಿದ ಹಾಯಿದೋಣಿಗಳನ್ನು ಹಿಂದೆ ಹಾಕಿದ. ಆಮೇಲೆ ಅಂಥ ದೋಣಿಯನ್ನೇ ರೇಸಿನಿಂದ ಹೊರಗಿಟ್ಟರು. ಪಸಿಫಿಕ್ ದ್ವೀಪದವರಿಗೆ ಇದು ನೂರಾರು ವರ್ಷ ಮೊದಲೇ ಗೊತ್ತಿತ್ತು.

ಈಗ ನಮಗೆ ಸಿಗುವ ಆಟದ ಕ್ಯಾಟ್‌ಗಳ ಹಿರಿಯ ಹೋಬಿ 16. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಬೋರ್ಡ್ ಮಾಡುತ್ತಿದ್ದ ಹೋಬಿ ಆಲ್ಟರ್ 1968ರಲ್ಲಿ 14 ಅಡಿಯದ್ದು ತಂದರು, ಅದರ ಬೆನ್ನಿಗೇ 16 ಬಂತು. ಮರಳಿನ ಮೇಲಿಂದ ನೇರ ಅಲೆಗೆ ತಳ್ಳಬೇಕು ಅನ್ನೋದು ಅವರ ಯೋಚನೆ. ಹಾಗಾಗಿ ಅಡಿಯಲ್ಲಿ ಇಳಿಬಿಡುವ ಹಲಗೆಯೇ ಇಲ್ಲ. ಪ್ರತಿ ಹಲ್‌ನ, ಅಂದರೆ ಒಡಲಿನ, ಒಂದು ಬದಿ ಹೆಚ್ಚುಕಮ್ಮಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಆ ಆಕಾರವೇ ಪಕ್ಕಕ್ಕೆ ಜಾರುವುದನ್ನು ತಡೆಯುತ್ತದೆ. ಚುಕ್ಕಾಣಿ ನೆಲಕ್ಕೆ ತಾಗಿದರೆ ತಾನೇ ಮೇಲಕ್ಕೆ ಮಡಚುತ್ತದೆ. ಹಾರಂಗಿಯಂಥ ಕಡೆ ಇದು ದೊಡ್ಡ ಅನುಕೂಲ. ನೀರು ಇಳಿದಾಗ ಹಿನ್ನೀರಿನ ಅಂಚಿನಲ್ಲಿ ಹಳೆಯ ಮರದ ಬೊಡ್ಡೆಗಳು ಎಲ್ಲಿವೆ ಅಂತ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ.

ಭಾರ ಸುಮಾರು 145 ಕೆಜಿ, ಅಗಲ 2.41 ಮೀಟರ್. ಮಾಕುಟ್ಟ ತಿರುವುಗಳಲ್ಲಿ ಅದನ್ನು ಎಳೆದುಕೊಂಡು ಹೋಗುವ ಯೋಚನೆ ಬಿಟ್ಟುಬಿಡಿ. ಅದು ಒಂದು ಕಡೆ ಇಟ್ಟು ಓಡಿಸುವ ದೋಣಿ.

ಮಕ್ಕಳಿದ್ದಾರೆ ಅಂದಿರಿ. ಹಾಗಾದರೆ 13 ಅಡಿಯ ಹೋಬಿ ವೇವ್ ನೋಡಿ. ಪ್ಲಾಸ್ಟಿಕ್ ಹಲ್, ಕಲ್ಲಿಗೆ ತಾಗಿದರೆ ಗೀರು ಬೀಳುತ್ತದೆ, ಒಡೆಯುವುದಿಲ್ಲ. ಅದಕ್ಕೆ ಬೂಮ್ ಇಲ್ಲ. ಹಾಯಿಯ ಕೆಳಗೆ ತಲೆಗೆ ಬಡಿಯುವ ಅಡ್ಡ ಕಂಬವೇ ಇಲ್ಲದ್ದರಿಂದ ಕಲಿಯುವವರಿಗೆ ಹೆದರಿಕೆ ಕಡಿಮೆ.

ನನ್ನ ಅಭಿಪ್ರಾಯ: ಟೆಂಡರ್ ಬೇರೆ, ಆಟ ಬೇರೆ. ಒಂದಕ್ಕೇ ಎರಡೂ ಕೆಲಸ ಹೊರಿಸಬೇಡಿ.

ಅಮ್ಮತ್ತಿ ತೋಟದ ಮನೆ | ಭಾನುವಾರ, ಬೆಳಗ್ಗೆ 11:40

ಸ್ಯಾಪರ್ ಅಂಕಲ್, ಒಂದು ಪ್ರಶ್ನೆ. ಇಷ್ಟು ಗಟ್ಟಿಯಾಗಿ ನಿಲ್ಲುವ ದೋಣಿ ಮಗುಚಿದರೆ ಏನು ಗತಿ? ನನ್ನ ಮಗಳಿಗೆ ಹದಿಮೂರು. ಈಜು ಬರುತ್ತದೆ. ಆದರೂ ನನಗೆ ಭಯ.

ಮಾಜಿ ಸ್ಯಾಪರ್, ವಿರಾಜಪೇಟೆ | ಭಾನುವಾರ, ಮಧ್ಯಾಹ್ನ 1:15

ಒಳ್ಳೆಯ ಪ್ರಶ್ನೆ ಕೇಳಿದಿರಿ ಅಮ್ಮ. ಮಾರುವವರು ಇದನ್ನು ಹೇಳುವುದಿಲ್ಲ.

ಕ್ಯಾಟಮರಾನ್ ಸುಲಭವಾಗಿ ಮಗುಚುವುದಿಲ್ಲ. ಮಗುಚಿದರೆ ತಾನಾಗಿ ಎದ್ದೇಳುವುದೂ ಇಲ್ಲ. ಪಕ್ಕಕ್ಕೆ ಬಿದ್ದಾಗ ಕೂಡಲೇ ಎಬ್ಬಿಸದಿದ್ದರೆ ಕೂವೆ (ಹಾಯಿ ಕಟ್ಟುವ ಕಂಬ) ಕೆಳಗಾಗಿ ಪೂರ್ತಿ ತಲೆಕೆಳಗಾಗುತ್ತದೆ. ಅದಕ್ಕೇ ಕಲಿಯುವವರ ದೋಣಿಯಲ್ಲಿ ಕೂವೆಯ ತುದಿಗೆ ಒಂದು ತೇಲುಬುಂಡೆ ಕಟ್ಟಬೇಕು. ಇದಕ್ಕೆ ರಾಜಿ ಬೇಡ. ಎಬ್ಬಿಸುವ ಕ್ರಮ ಹೀಗೆ: ಮೊದಲು ಹಾಯಿಯ ಹಗ್ಗ ಸಡಿಲ ಬಿಡಬೇಕು, ಮೂತಿಯನ್ನು ಗಾಳಿ ಕಡೆ ತಿರುಗಿಸಬೇಕು, ಆಮೇಲೆ ಕೆಳಗಿನ ಹಲ್ ಮೇಲೆ ನಿಂತು ಎಬ್ಬಿಸುವ ಹಗ್ಗ ಹಿಡಿದು ಹಿಂದಕ್ಕೆ ಒರಗಬೇಕು. ಹೋಬಿ 16ಕ್ಕೆ ಇಬ್ಬರು ದೊಡ್ಡವರ ಭಾರ ಬೇಕು. ಒಬ್ಬ ಹುಡುಗಿಯ ಭಾರಕ್ಕೆ ಅದು ಏಳುವುದಿಲ್ಲ. ಹಾಗಾಗಿ ಮಗಳನ್ನು ಒಂಟಿಯಾಗಿ ಕಳಿಸಬೇಡಿ.

ಇನ್ನೊಂದು ಬಗೆಯ ಬೀಳು ಇದೆ, ಅದು ಜಾಸ್ತಿ ಅಪಾಯ. ಗಾಳಿ ಹಿಂದಿನಿಂದಲೋ ಪಕ್ಕದಿಂದಲೋ ಜೋರಾಗಿ ತಳ್ಳುವಾಗ ಗಾಳಿಯ ಆಚೆ ಬದಿಯ ಹಲ್‌ನ ಮೂತಿ ನೀರಿಗೆ ತಿವಿಯುತ್ತದೆ. ದೋಣಿ ಗಕ್ಕನೆ ನಿಲ್ಲುತ್ತದೆ, ನಾವು ಮುಂದಕ್ಕೆ ಹಾರುತ್ತೇವೆ. ತಡೆಯೋಕೆ ಒಂದೇ ದಾರಿ: ಗಾಳಿ ಏರಿದ ಕೂಡಲೇ ಎಲ್ಲರೂ ಹಿಂದಕ್ಕೆ ಸರಿಯಬೇಕು, ಹಾಯಿ ಸಡಿಲಿಸಬೇಕು. ಹಾರಂಗಿಯಲ್ಲಿ ಗಾಳಿ ಗುಡ್ಡದ ಸಂದಿನಿಂದ ಬರುತ್ತದೆ. ಸಮುದ್ರದ ಗಾಳಿಯಂತೆ ಒಂದೇ ಸಮ ಬೀಸುವುದಿಲ್ಲ. ನೀರಿನ ಮೇಲೆ ಕಪ್ಪಗೆ ಸುಕ್ಕು ಓಡಿ ಬರುವುದು ಕಂಡರೆ ಗಾಳಿಯ ಹೊಡೆತ ಬಂತು ಅಂತ ಅರ್ಥ. ಅದನ್ನು ಓದೋಕೆ ಕಲಿಸುವುದೇ ಮೊದಲ ಪಾಠ.

ಕೊನೆಯದು, ನಮ್ಮ ಕೊಡಗಿನವರು ವಿಶೇಷವಾಗಿ ಕೇಳಬೇಕಾದದ್ದು. ಕರೆಂಟ್ ಲೈನ್! ಹೋಬಿ 16ರ ಕೂವೆ ಸುಮಾರು 8 ಮೀಟರ್ ಎತ್ತರ, ಅಲ್ಯೂಮಿನಿಯಂ. ನಮ್ಮಲ್ಲಿ ಲೈನ್ ಎಲ್ಲೆಂದರಲ್ಲಿ ಹಾದಿದೆ, ಕಾಫಿ ಗಿಡದ ಮೇಲೆ, ಹೊಳೆದಾರಿಯ ಮೇಲೆ. ಅಮೆರಿಕದಲ್ಲಿ ಕೂವೆ ತಂತಿಗೆ ತಾಗಿ ಜನ ಸತ್ತಿದ್ದಾರೆ. ಅದಾದ ಮೇಲೆಯೇ ಹೋಬಿಯವರು ಕೂವೆಯ ಮೇಲ್ಭಾಗವನ್ನು ಕರೆಂಟ್ ಹರಿಯದ ಫೈಬರಿನಲ್ಲಿ ಮಾಡೋಕೆ ಶುರು ಮಾಡಿದ್ದು. ಹಳೆಯ ದೋಣಿ ಕೊಳ್ಳುವವರು ಇದನ್ನು ನೋಡಿಯೇ ಕೊಳ್ಳಿ. ಫೈಬರ್ ತುದಿ ಇದ್ದರೂ ಕೂವೆ ಎತ್ತುವ ಮೊದಲು ಒಬ್ಬರು ಸುಮ್ನೆ ನಿಂತು ಮೇಲೆ ನೋಡಬೇಕು. ಅವರಿಗೆ ಬೇರೆ ಕೆಲಸ ಕೊಡಬಾರದು.

ಪೊನ್ನಂಪೇಟೆ ಮರಗೆಲಸ | ಭಾನುವಾರ, ಸಂಜೆ 6:30

ಎಲ್ಲರೂ ಕೊಳ್ಳುವ ಮಾತೇ ಆಡುತ್ತಿದ್ದೀರಿ. ಕಟ್ಟಬಹುದಲ್ವಾ?

ಇಂಗ್ಲೆಂಡಿನ ಜೇಮ್ಸ್ ವಾರಮ್ 1950ರ ದಶಕದಲ್ಲಿ ತಾನೇ ಕಟ್ಟಿದ ಸಣ್ಣ ಕ್ಯಾಟಮರಾನ್‌ನಲ್ಲಿ ಅಟ್ಲಾಂಟಿಕ್ ದಾಟಿದವರು. ಆಮೇಲೆ ಜೀವನ ಪೂರ್ತಿ ಮನೆಯಲ್ಲೇ ಕಟ್ಟುವವರಿಗಾಗಿ ನಕ್ಷೆ ಬರೆದರು. ಅವರ ಸಣ್ಣ ದೋಣಿಗಳಲ್ಲಿ ಎರಡು ಪ್ಲೈವುಡ್ ಹಲ್, ನಡುವೆ ಅಡ್ಡ ತೊಲೆ. ತೊಲೆಯನ್ನು ಬೋಲ್ಟ್ ಹಾಕಿ ಬಿಗಿಯುವುದಿಲ್ಲ, ಹಗ್ಗದಿಂದ ಸುತ್ತಿ ಕಟ್ಟುತ್ತಾರೆ. ಅಲೆಗೆ ಹಲ್‌ಗಳು ಸ್ವಲ್ಪ ಮಿಸುಕಾಡುತ್ತವೆ, ಹಾಗಾಗಿ ಒತ್ತಡ ಒಂದೇ ಜಾಗದಲ್ಲಿ ಕೂತು ಸೀಳುವುದಿಲ್ಲ. ನಮಗೆ ಇನ್ನೊಂದು ಲಾಭ: ಹಗ್ಗ ಬಿಚ್ಚಿದರೆ ಎರಡು ಹಲ್ ಬೇರೆ ಬೇರೆಯಾಗಿ ಪಿಕಪ್ ಮೇಲೆ ಕೂರುತ್ತವೆ. ಅಗಲದ ತಲೆನೋವು ಇಲ್ಲ.

ಪ್ಲೈ ತಗೊಂಡರೆ ಐಎಸ್ 710 ಮುದ್ರೆ ಇರುವ ಮರೀನ್ ಪ್ಲೈ ಮಾತ್ರ. ಮುದ್ರೆ ನಂಬಿ ಸುಮ್ಮನಾಗಬೇಡಿ. ಒಂದು ತುಂಡು ಕತ್ತರಿಸಿ ಕೆಲವು ಗಂಟೆ ಕುದಿಸಿ, ಆಮೇಲೆ ಒಣಗಿಸಿ, ಉಳಿ ಹಾಕಿ ಪದರ ಬಿಡಿಸೋಕೆ ನೋಡಿ. ಒಳ್ಳೆಯ ಪ್ಲೈನಲ್ಲಿ ಅಂಟು ಬಿಡುವುದಿಲ್ಲ, ಮರವೇ ಹರಿಯುತ್ತದೆ. ಅಂಚು ಕಡೆಯಿಂದ ನೋಡಿದಾಗ ಪದರದ ನಡುವೆ ತೂತು ಕಂಡರೆ ವಾಪಸ್ ಕೊಡಿ. ಕತ್ತರಿಸಿದ ಪ್ರತಿ ಅಂಚಿಗೆ ಎಪಾಕ್ಸಿ ಕುಡಿಸಬೇಕು, ನೀರು ಒಳಗೆ ಹೋಗುವ ಬಾಗಿಲು ಅದೇ. ತೋಟದ ಸಿಲ್ವರ್ ಓಕ್ ಕೊಯ್ದು ದೋಣಿ ಮಾಡುತ್ತೇನೆ ಅಂತ ಬರುವವರಿದ್ದಾರೆ. ಬೇಡ. ಒದ್ದೆ ಜಾಗದಲ್ಲಿ ಅದು ಬೇಗ ಕೊಳೆಯುತ್ತದೆ.

ಇಂಥದ್ದೊಂದು ಕಟ್ಟಿದರೆ ಯಾಟ್‌ಗೆ ಟೆಂಡರೂ ಆಯಿತು, ಹಾರಂಗಿಗೆ ಹಾಯಿದೋಣಿಯೂ ಆಯಿತು. ಸ್ಯಾಪರ್ ಸರ್ ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ.

ಮಲ್ಪೆ ಫೈಬರ್ ಕೆಲಸ | ಭಾನುವಾರ, ರಾತ್ರಿ 8:50

ಕಟ್ಟುವ ಮಾತು ಕೇಳಿ ಖುಷಿಯಾಯಿತು. ಆದರೆ ಟೆಂಡರ್ ಆಗಿ ನಾನು ಒಪ್ಪುವುದಿಲ್ಲ ಮರಗೆಲಸದವರೇ. ರಾತ್ರಿ ಲಂಗರಿನಲ್ಲಿ ನೀರಿನ ಸೆಳೆತ ಒಂದು ಕಡೆ, ಗಾಳಿ ಇನ್ನೊಂದು ಕಡೆ ಇದ್ದಾಗ ಟೆಂಡರ್ ಬಂದು ಯಾಟ್‌ನ ಪಕ್ಕೆಗೆ ಬಡಿಯುತ್ತಲೇ ಇರುತ್ತದೆ. ಪ್ಲೈವುಡ್ ಮೂತಿಯಾದರೆ ಯಾಟ್‌ನ ಜೆಲ್‌ಕೋಟ್ (ಮೇಲಿನ ಹೊಳಪಿನ ಪದರ) ಕಿತ್ತು ಬರುತ್ತದೆ. ಅಂಥ ಗಾಯ ರಿಪೇರಿಗೆ ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಗಾಳಿ ಟ್ಯೂಬ್ ಅಂದರೆ ದೋಣಿಯೇ ಫೆಂಡರ್, ಅಂದರೆ ಬಡಿತ ತಡೆಯುವ ಮೆತ್ತೆ. ಇನ್ನೊಂದು, 34 ಅಡಿ ಯಾಟ್‌ನ ಡೆಕ್ ಮೇಲೆ ಎರಡು ಗಟ್ಟಿ ಹಲ್ ಎಲ್ಲಿ ಇಡುತ್ತೀರಿ?

ಗಾಳಿ ಕ್ಯಾಟ್‌ಗೂ ಕೊರತೆ ಇದೆ, ಮುಚ್ಚಿಡುವುದಿಲ್ಲ. ನೀರಿಗೆ ತಾಗುವ ತಳ ಕಡಿಮೆ, ಮೇಲೆ ಗಾಳಿಗೆ ಒಡ್ಡಿಕೊಳ್ಳುವ ಮೈ ಜಾಸ್ತಿ. ಎದುರು ಗಾಳಿಯಲ್ಲಿ ಹುಟ್ಟು ಹಾಕಿ ಹೋಗೋದು ಕಷ್ಟ. ಮೋಟಾರ್ ಎರಡು ಟ್ಯೂಬಿನ ನಡುವೆ ಇರುವುದರಿಂದ ಅಲ್ಲಿ ನುಗ್ಗುವ ಗಾಳಿ, ನೊರೆ ಪ್ರೊಪೆಲ್ಲರಿಗೆ ಸಿಕ್ಕಿ ಅದು ಸುಮ್ನೆ ಗಿರಗಿರ ಅನ್ನುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಮೋಟಾರ್ ಶಾಫ್ಟ್ ಉದ್ದ ಸರಿಯಾಗಿದೆಯಾ, ತಿರುವಿನಲ್ಲಿ ಗಾಳಿ ಹಿಡಿಯುತ್ತದಾ ಅಂತ ಓಡಿಸಿ ನೋಡಿಯೇ ಕೊಳ್ಳಿ.

ಮೋಟಾರ್ ದೊಡ್ಡದು ಬೇಡ. 2.5 ಎಚ್‌ಪಿ ಫೋರ್ ಸ್ಟ್ರೋಕ್ ಅಂದರೆ 17-18 ಕೆಜಿ, ಒಬ್ಬರು ಎತ್ತಿ ಕೊಡಬಹುದು. 6 ಎಚ್‌ಪಿ 25 ಕೆಜಿ ದಾಟುತ್ತದೆ. ಹಗುರ ಕ್ಯಾಟ್‌ನಲ್ಲಿ ಇಬ್ಬರೇ ಇದ್ದರೆ 6 ಎಚ್‌ಪಿಗೆ ದೋಣಿ ನೀರಿನ ಮೇಲೆ ಏರಿ ಜಾರಬಹುದು, ಮಕ್ಕಳಿಗೆ ಅಷ್ಟು ಮಜಾ ಸಾಕು. ವಿಡಿಯೋದಲ್ಲಿ ಅಲೆ ಮೇಲೆ ಹಾರುವ ಥಂಡರ್‌ಕ್ಯಾಟ್ ನೋಡಿ ಆಸೆ ಪಡಬೇಡಿ. ಅದು 50 ಎಚ್‌ಪಿ ಕಟ್ಟಿದ ರೇಸ್ ದೋಣಿ. ಅದರಲ್ಲಿ ಒಬ್ಬರು ಓಡಿಸಿದರೆ ಇನ್ನೊಬ್ಬರು ಹಗ್ಗ ಹಿಡಿದು ಮೈಭಾರ ಹಾಕಿ ದೋಣಿಯನ್ನು ಹತೋಟಿಯಲ್ಲಿಡಬೇಕು. ಟೆಂಡರ್ ಟ್ಯೂಬಿಗೆ ಅಂಥ ಮೋಟಾರ್ ಹಾಕಿದರೆ ಹಿಂಬದಿಯ ಹಲಗೆಯೇ ಕಿತ್ತು ಬರುತ್ತದೆ.

ಬರಪೊಳೆ ಗೈಡ್ | ಸೋಮವಾರ, ಬೆಳಗ್ಗೆ 8:00

ಮಳೆಗಾಲದಲ್ಲಿ ಇದನ್ನು ಇಲ್ಲಿಗೆ ತರುತ್ತೇನೆ ಅಂದಿರಿ. ಹೊಳೆಗೆ ಮಾತ್ರ ಇಳಿಸಬೇಡಿ, ಕಾವೇರಿಗೂ ಬೇಡ, ಬರಪೊಳೆಗೂ ಬೇಡ.

ನಾವು ರಾಫ್ಟ್ ಬಳಸುವುದಕ್ಕೆ ಕಾರಣ ಇದೆ. ಅದು ಬಂಡೆಗೆ ಗುದ್ದಿದರೆ ಸುತ್ತಿ ಜಾರುತ್ತದೆ. ಎರಡು ಒಡಲಿನ ದೋಣಿ ಬಂಡೆಯನ್ನೋ ಮರವನ್ನೋ ನಡುವೆ ಸಿಕ್ಕಿಸಿಕೊಂಡು ನಿಲ್ಲುತ್ತದೆ, ಹಿಂದಿನಿಂದ ನೀರು ಒತ್ತುತ್ತಲೇ ಇರುತ್ತದೆ. ಬೇರೆ ದೇಶಗಳಲ್ಲಿ ಹೊಳೆಗೆಂದೇ ಮಾಡಿದ ಕ್ಯಾಟರಾಫ್ಟ್ ಇದೆ. ಅದಕ್ಕೆ ಮೂತಿ, ಬಾಲ ಎರಡೂ ಮೇಲಕ್ಕೆ ಬಾಗಿರುತ್ತವೆ, ಲೋಹದ ಚೌಕಟ್ಟು, ಉದ್ದ ಹುಟ್ಟು ಇರುತ್ತದೆ. ಟೆಂಡರ್ ಅದಲ್ಲ.

2018, 2019ರಲ್ಲಿ ಕುಶಾಲನಗರದ ಬಡಾವಣೆಗಳಿಗೆ, ಕರಡಿಗೋಡಿಗೆ ನೀರು ನುಗ್ಗಿದ ಮೇಲೆ 'ಮನೆಗೊಂದು ದೋಣಿ ಇದ್ದರೆ ಒಳ್ಳೆಯದು' ಅಂತ ತುಂಬ ಜನ ಕೇಳುತ್ತಾರೆ. ನೆರೆ ನೀರಿನಲ್ಲಿ ಬೇಲಿ ತಂತಿ, ಕೊಚ್ಚಿ ಬಂದ ಮರ, ಮುಳುಗಿದ ಕಂಪೌಂಡ್ ಗೋಡೆ ಎಲ್ಲ ಇರುತ್ತದೆ. ತರಬೇತಿ ಇಲ್ಲದವರು ದೋಣಿ ಇಳಿಸಿದರೆ ರಕ್ಷಣೆಗೆ ಬಂದವರಿಗೆ ಇನ್ನೊಂದು ಕೆಲಸ ಹೆಚ್ಚುತ್ತದೆ. ನೀರು ಏರುವ ಮೊದಲೇ ಮನೆ ಬಿಡಿ.

ಅಮ್ಮತ್ತಿ ತೋಟದ ಮನೆ | ಸೋಮವಾರ, ಬೆಳಗ್ಗೆ 9:20

ಗೈಡ್ ಹೇಳಿದ್ದು ನೂರಕ್ಕೆ ನೂರು ಸರಿ. ಹಾರಂಗಿಗೆ ಯಾರ ಅನುಮತಿ ಬೇಕು ಅಂತಲೂ ಯಾರಾದರೂ ಹೇಳಿ.

ಮಾಜಿ ಸ್ಯಾಪರ್, ವಿರಾಜಪೇಟೆ | ಸೋಮವಾರ, ಬೆಳಗ್ಗೆ 10:05

ಜಲಾಶಯ ನೀರಾವರಿ ನಿಗಮದ ಕೈಯಲ್ಲಿದೆ. ಅಲ್ಲಿ ಲಿಖಿತವಾಗಿ ಕೇಳದೆ ಒಂದು ಹುಟ್ಟು ಕೂಡ ಇಳಿಸಬೇಡಿ. ಅಂಚಿನಲ್ಲಿ ಕಾಡು ಇರುವ ಕಡೆ ಅರಣ್ಯ ಇಲಾಖೆಯವರನ್ನೂ ಕೇಳಬೇಕು, ಆನೆ ನೀರಿಗೆ ಇಳಿಯುವ ಜಾಗ ಅದು. ಮೋಟಾರ್ ಹಾಕಿದರೆ 2021ರ ಒಳನಾಡು ನೌಕೆಗಳ ಕಾಯ್ದೆಯ ಕೆಳಗೆ ನೋಂದಣಿಯ ಪ್ರಶ್ನೆಯೂ ಬರುತ್ತದೆ. ಮೀನು ಹಿಡಿಯುವವರ ಬಲೆಗಳು ನೀರಿನಲ್ಲಿ ಇರುತ್ತವೆ. ಪ್ರೊಪೆಲ್ಲರ್ ಒಂದು ಸಲ ಹಾದರೆ ಅವರ ವಾರದ ದುಡಿಮೆ ಹೋಯಿತು. ಅವರ ಜೊತೆ ಮೊದಲೇ ಮಾತಾಡಿ, ಬಲೆ ಎಲ್ಲಿ ಹಾಕುತ್ತಾರೆ ಅಂತ ಕೇಳಿಕೊಳ್ಳಿ. ಈ ಎಲ್ಲ ಕಾರಣಕ್ಕೆ ಇಲ್ಲಿ ಮೋಟಾರಿಗಿಂತ ಹಾಯಿ ಒಳ್ಳೆಯದು ಅನ್ನುತ್ತೇನೆ.

ಕೂಡಿಗೆ ಹೊಳೆಬದಿ | ಸೋಮವಾರ, ರಾತ್ರಿ 9:45

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಭಾವನಿಗೆ ಎಲ್ಲ ಓದಿ ಹೇಳಿದೆ. ಟೆಂಡರ್ ಆಗಿ ಗಾಳಿ ಕ್ಯಾಟ್ ತಗೊಳ್ಳೋದು, 6 ಎಚ್‌ಪಿ ಬೇಡ, 2.5 ಸಾಕು ಅಂತ ತೀರ್ಮಾನ ಆಯಿತು. ಹೆಚ್ಚಿನ ದಿನ ಯಾಟ್‌ನಲ್ಲಿ ಇಬ್ಬರೇ ಇರುತ್ತಾರೆ, ಭಾರ 250 ಕೆಜಿ ದಾಟುವುದಿಲ್ಲ. ಹಾರಂಗಿಗೆ ಅನುಮತಿ ಸಿಕ್ಕರೆ ಬೇರೆ ಹಾಯಿ ಕ್ಯಾಟ್ ನೋಡೋಣ ಅಂದಿದ್ದಾರೆ.

ಎರಡು ಪ್ರಶ್ನೆ ಉಳಿದಿವೆ. ಪೂರ್ತಿ ಗಾಳಿ ತುಂಬಿಕೊಂಡೇ ಪಿಕಪ್ ಮೇಲೆ ಕಟ್ಟಿ ತರಬಹುದಾ? ಹಳೆಯ ಡಿಂಗಿಯನ್ನು ಮನೆಯಲ್ಲೇ ಅಂಟು ಹಾಕಿ ಸರಿ ಮಾಡಬಹುದಾ?

ಮಲ್ಪೆ ಫೈಬರ್ ಕೆಲಸ | ಸೋಮವಾರ, ರಾತ್ರಿ 10:40

ಗಾಳಿ ತುಂಬಿ ತರಬೇಡಿ. ಕಾರಣ ಕೇಳಿ. ಹಾರಂಗಿ ತುಂಬಿದಾಗಿನ ಮಟ್ಟ 2,859 ಅಡಿ, ಅಂದರೆ ಸಮುದ್ರಕ್ಕಿಂತ ಸುಮಾರು 870 ಮೀಟರ್ ಮೇಲೆ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು 0.1 ಬಾರ್ ಕಡಿಮೆ. ಟ್ಯೂಬಿಗೆ ಹಾಕುವ ಒತ್ತಡವೇ 0.25 ಬಾರ್ ಆಸುಪಾಸು. ಕೊಚ್ಚಿಯಲ್ಲಿ ಸರಿಯಾಗಿ ತುಂಬಿ ಘಾಟಿ ಹತ್ತಿಸಿದರೆ ನಿಮ್ಮಲ್ಲಿಗೆ ಬರುವಾಗ ಅದು 0.35. ಮೇಲಿಂದ ಬಿಸಿಲು ಬೇರೆ ಬಿದ್ದರೆ ಅಂಟಿನ ಹೊಲಿಗೆಗೆ ಕೆಟ್ಟದು. ನಿಮ್ಮಲ್ಲಿ ತುಂಬಿ ಕೊಚ್ಚಿಗೆ ಇಳಿಸಿದರೆ 0.15ಕ್ಕೆ ಇಳಿದು ಮೆತ್ತಗಾಗುತ್ತದೆ. ಮೆತ್ತಗಿನ ಟ್ಯೂಬಿನ ಮೇಲೆ ಮೋಟಾರ್ ಕೂರಿಸಿದರೆ ದೋಣಿ ನಡುವೆ ಮಡಚುತ್ತದೆ. ಗಾಳಿ ಬಿಟ್ಟು ಸುತ್ತಿ ತನ್ನಿ. ಒತ್ತಡ ಅಳೆಯುವ ಗೇಜ್ ಇರುವ ಪಂಪ್ ಇಟ್ಟುಕೊಳ್ಳಿ, ಬೆರಳಿನಿಂದ ಒತ್ತಿ ನೋಡಿ ನಂಬಬೇಡಿ.

ಹಳೆಯ ಡಿಂಗಿಗೆ ಮೊದಲು ಅದು ಪಿವಿಸಿ ಪ್ಲಾಸ್ಟಿಕ್ಕೋ ಹೈಪಲಾನ್ ಅನ್ನೋ ರಬ್ಬರೋ ನೋಡಿ. ಮೂಲೆಯಲ್ಲಿ, ಯಾರಿಗೂ ಕಾಣದ ಕಡೆ, ಬಟ್ಟೆಗೆ ಒಂದು ಹನಿ ಅಸಿಟೋನ್ ಹಾಕಿ ಉಜ್ಜಿ. ಬೆರಳಿಗೆ ಅಂಟಂಟಾದರೆ ಪಿವಿಸಿ, ಹಾಗೇ ಇದ್ದರೆ ಹೈಪಲಾನ್. ಎರಡಕ್ಕೂ ಅಂಟು ಬೇರೆ. ಒಂದರದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಎರಡೂ ಭಾಗ ಬೆರೆಸುವ ಅಂಟೇ ತಗೊಳ್ಳಿ, ಸೈಕಲ್ ಟ್ಯೂಬಿನ ಸೊಲ್ಯೂಷನ್ ಬೇಡ. ತೇಪೆ, ಟ್ಯೂಬ್ ಎರಡಕ್ಕೂ ತೆಳ್ಳಗೆ ಒಂದು ಕೋಟ್ ಹಚ್ಚಿ ಒಣಗಲು ಬಿಡಿ. ಎರಡನೇ ಕೋಟ್ ಹಚ್ಚಿ, ಬೆರಳಿಗೆ ತಾಗಿಯೂ ತಾಗದಂತಿರುವಾಗ ಒತ್ತಿ, ಉರುಟು ಹಿಡಿಯಿಂದ ನಡುವಿನಿಂದ ಅಂಚಿಗೆ ಗಾಳಿ ಓಡಿಸಿ. 24 ಗಂಟೆ ಗಾಳಿ ತುಂಬಬೇಡಿ.

ನಿಮ್ಮ ಕಡೆ ಮುಖ್ಯ ತೊಂದರೆ ತೇವ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್ ಮಳೆಯಲ್ಲಿ) ಅಂಟು ಹಾಕಿದರೆ ಕಣ್ಣಿಗೆ ಕಾಣದ ನೀರಿನ ಪದರ ನಡುವೆ ಕೂತು ಎರಡು ತಿಂಗಳಿಗೆ ಬಿಟ್ಟು ಬರುತ್ತದೆ. ಕಾಫಿ ಕಣದಲ್ಲಿ ಒಣಗುವ ಜನವರಿ, ಫೆಬ್ರವರಿಯಲ್ಲಿ ಮಾಡಿ, ಅದೂ ಇಬ್ಬನಿ ಪೂರ್ತಿ ಹೋದ ಮೇಲೆ, ನೆರಳಿನಲ್ಲಿ.

ಕೂಡಿಗೆ ಹೊಳೆಬದಿ | ಮಂಗಳವಾರ, ಬೆಳಗ್ಗೆ 7:30

ಅಸಿಟೋನ್ ಹಾಕಿ ನೋಡಿದೆವು ಅಣ್ಣ. ಅಂಟಂಟಾಯಿತು, ಪಿವಿಸಿ. ಕಾಫಿ ಕೊಯ್ಲು ಮುಗಿದ ಮೇಲೆ ತೇಪೆ ಹಾಕುತ್ತೇವೆ. ನಿಗಮಕ್ಕೆ ಅರ್ಜಿ ಇವತ್ತೇ ಬರೆಯುತ್ತೇನೆ. ಸ್ಯಾಪರ್ ಸರ್, ಉತ್ತರ ಬಂದ ಕೂಡಲೇ ಇಲ್ಲೇ ಹಾಕುತ್ತೇನೆ. ಒಪ್ಪಿಗೆ ಸಿಕ್ಕರೆ ಮಕ್ಕಳಿಗೆ ಹಾಯಿಯ ಮೊದಲ ಪಾಠಕ್ಕೆ ನೀವೇ ಬರಬೇಕು.

ಮಾಜಿ ಸ್ಯಾಪರ್, ವಿರಾಜಪೇಟೆ | ಮಂಗಳವಾರ, ಬೆಳಗ್ಗೆ 8:10

ಖಂಡಿತ ಬರುತ್ತೇನೆ. ಅಮ್ಮತ್ತಿಯವರೂ ಮಗಳನ್ನು ಕರೆದುಕೊಂಡು ಬನ್ನಿ. ಪ್ರತಿ ಮಗುವಿಗೂ ಅದರ ಅಳತೆಯದ್ದೇ ಲೈಫ್ ಜಾಕೆಟ್ ತನ್ನಿ, ದೊಡ್ಡವರದ್ದು ಬಿಗಿದು ಕಟ್ಟಿದರೂ ನೀರಿನಲ್ಲಿ ತಲೆ ಮೇಲಿಂದ ಕಳಚಿ ಬರುತ್ತದೆ. ಅರ್ಜಿಯಲ್ಲಿ 'ಮೋಟಾರ್ ಇಲ್ಲದ ಹಾಯಿದೋಣಿ' ಅಂತ ಸ್ಪಷ್ಟವಾಗಿ ಬರೆಯಿರಿ.